ಬ್ಯಾರನ್ ಲೆಕ್ಕದ ಕಾವು

ಬಾಗಿಲು ತಳ್ಳಿದ ಕೂಡಲೇ ಸುಟ್ಟ ವೈರಿನ ವಾಸನೆ ಮೂಗಿಗೆ ಹೊಡೆಯಿತು. ಕೋಣೆಯ ಎರಡೂ ಕಿಟಕಿ ಮುಚ್ಚಿದ್ದವು. ಗೋಡೆಯ ಗೂಡಿನಲ್ಲಿದ್ದ ನನ್ನ ಕಂಪ್ಯೂಟರ್ ಡಬ್ಬದ ಮೇಲೆ, ಚಳಿಗೆ ಹೊದ್ದು ಮಲಗಿದವರ ಹಾಗೆ, ಒಂದು ಗೋಣಿತಾಟು. ಪರದೆ ಕಪ್ಪಾಗಿತ್ತು. ಅದರ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತು ಅಪ್ಪ ಕಾವಲು ಕಾಯುತ್ತಿದ್ದ.

“ಈಗ್ತಾನೆ ಆರೋಯ್ತು ಕಣವ್ವ,” ಎಂದ. “ಅಲ್ಲೀಗಂಟ ಹದವಾಗೇ ನಡೀತಿತ್ತು. ತೊಂಬತ್ತೇಳು ಮುಟ್ಟಿಸಿದ್ದೆ.”

ಮುಟ್ಟಿಸಿದ್ದೆ ಅಂತೆ! ಏರಿಬಿಡ್ತು ಅಂತಲ್ಲ, ಮುಟ್ಟಿಸಿದ್ದೆ ಅಂತ. ಹೋಗಿ ಪ್ಲಗ್ ಕಿತ್ತೆ. ಗೋಣಿತಾಟು ಎಳೆದು ಡಬ್ಬ ಮುಟ್ಟಿದರೆ ರೊಟ್ಟಿ ಹೆಂಚು ಮುಟ್ಟಿದ ಹಾಗೆ ಕೈ ಚುರ್ ಎಂದಿತು.

ನಮ್ಮದು ರಾವಂದೂರಿಗೆ ಹತ್ತಿರದ ಹಳ್ಳಿ. ನಾನು ಮನೆಯಲ್ಲೇ ಕೂತು ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಸ್ಟುಡಿಯೋದವರು ಶೂಟ್ ಮಾಡಿದ್ದನ್ನು ಹಾರ್ಡ್‌ಡಿಸ್ಕಿಗೆ ತುಂಬಿ ಕಳಿಸುತ್ತಾರೆ. ನಾನು ಧಾರೆಯಿಂದ ಬೀಗರೂಟದವರೆಗೆ ಎಲ್ಲರನ್ನೂ ಚೆಂದಗಾಣಿಸಿ ವಾಪಸು ಕೊಡುತ್ತೇನೆ. ಈ ಕೆಲಸದಲ್ಲಿ ಹೆಚ್ಚಿನ ಭಾರ ಹೊರುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡ್. ನನ್ನದು ಹಳೆಯದು, ನಿಧಾನ. ನನಗೋ ಮೂಗಿನ ತುದಿಯಲ್ಲೇ ಕೋಪ, ಕಾಯುವುದೆಂದರೆ ಆಗದು. ಅದಕ್ಕೇ ಅದನ್ನು ಓವರ್‌ಕ್ಲಾಕ್ ಮಾಡಿದ್ದೆ. ಅಂದರೆ ತಯಾರಿಸಿದವರು ಇಟ್ಟ ವೇಗ ಸಾಲದೆಂದು ಇನ್ನಷ್ಟು ಓಡಿಸುತ್ತಿದ್ದೆ. ಬಿಸಿ ಹೆಚ್ಚಾದರೆ ತಾನೇ ನಿಧಾನಿಸಿಕೊಳ್ಳುವಷ್ಟು ಬುದ್ಧಿ ಆ ಕಾರ್ಡಿಗಿತ್ತು. ನಾನು ಆ ಮಿತಿಯನ್ನೂ ಎಳೆದು ಮೇಲಕ್ಕಿಟ್ಟಿದ್ದೆ. ಕಾರ್ಡಿನ ಕಾವು ಎಷ್ಟೆಂದು ಪರದೆಯ ಮೂಲೆಯಲ್ಲಿ ಸದಾ ಒಂದು ಅಂಕಿ ಕಾಣುತ್ತಿತ್ತು. ಎಂಬತ್ತರ ಒಳಗಿದ್ದರೆ ನನಗೆ ನೆಮ್ಮದಿ.

ಅಪ್ಪನಿಗೆ ಕಾವು ಹೊಸದಲ್ಲ. ನಲವತ್ತು ವರ್ಷ ಹೊಗೆಸೊಪ್ಪು ಬೇಯಿಸಿದವನು. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರ ಹೊಲದಲ್ಲಿ ಬ್ಯಾರನ್ ಎಂಬ ಎತ್ತರದ ಕೋಣೆ ಇರುತ್ತದೆ. ಹಸಿ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ ಅದರೊಳಗೆ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಇಟ್ಟರೆ, ಕೊಳವೆಗಳ ಮೂಲಕ ಕಾವು ಒಳಗೆಲ್ಲ ಹರಿಯುತ್ತದೆ. ಮೊದಲು ಎಲೆ ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ಅದರ ದಂಟು ಒಣಗಬೇಕು. ಒಂದೊಂದಕ್ಕೂ ಒಂದೊಂದು ಕಾವು. ಗಾಜಿನ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಒಳಗಿನ ಥರ್ಮಾಮೀಟರ್ ನೋಡುತ್ತಾ, ಗಾಳಿಕಿಂಡಿಗಳನ್ನು ತೆಗೆಯುತ್ತಾ ಮುಚ್ಚುತ್ತಾ ದಿನಗಟ್ಟಲೆ ಕಾಯಬೇಕು. ಒಣಗಿದ ಎಲೆ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುವುದುಂಟು. ಊರಿನಲ್ಲಿ ಒಬ್ಬರಲ್ಲ ಒಬ್ಬರು ಹಾಗೆ ಸುಟ್ಟುಕೊಂಡಿದ್ದಾರೆ. “ನನ್ ಕೈಲಿ ಒಂದು ಬ್ಯಾರನ್ನೂ ಸುಟ್ಟಿಲ್ಲ” ಎಂಬುದು ಅಪ್ಪನ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುವ ಮಾತು. ಹೊಗೆಗೆ ಎದೆ ಕಟ್ಟುತ್ತದೆಂದು ಡಾಕ್ಟರು ಒಲೆ ಬಿಡಿಸಿದ ಮೇಲೆ ನಮ್ಮ ಬ್ಯಾರನ್ನಿಗೆ ಬೀಗ ಬಿತ್ತು. ಆದರೂ ಹಂಗಾಮಿನಲ್ಲಿ ಅಕ್ಕಪಕ್ಕದ ಹೊಲದವರು ಅವನನ್ನು ಕರೆದೊಯ್ಯುತ್ತಿದ್ದರು. ಅವನು ಕಿಂಡಿಯಲ್ಲಿ ಇಣುಕಿ, ಎಲೆ ನೋಡಿ, ಒಂದು ಮಾತು ಹೇಳಿ ಬರುತ್ತಿದ್ದ. ಅಂಥ ದಿನ ಅವನ ನಡಿಗೆಯೇ ಬೇರೆ.

ಕಾರ್ಡು ಸತ್ತ ಆ ಮಧ್ಯಾಹ್ನ ನಾನು ತುರ್ತಾಗಿ ಹುಣಸೂರಿಗೆ ಹೋಗಬೇಕಿತ್ತು. ಕಂಪ್ಯೂಟರಿನಲ್ಲಿ ಒಂದು ಮದುವೆಯ ಪೂರ್ತಿ ವಿಡಿಯೋ ತಯಾರಾಗುತ್ತಿತ್ತು, ಮೂರು ಗಂಟೆಯ ಕೆಲಸ. ಅಂಕಿ ಎಪ್ಪತ್ತೆರಡು ತೋರಿಸುತ್ತಿತ್ತು. ಅಪ್ಪನನ್ನು ಕರೆದು ಆ ಮೂಲೆಗೆ ಬೆರಳು ಮಾಡಿದೆ.

“ಅಪ್ಪ, ಇಲ್ಲಿ ಕಾವು ತೋರಿಸ್ತಾ ಅದೆ. ಒಸಿ ನೋಡ್ಕೊಂಡಿರು. ಜಾಸ್ತಿ ಏರಿದ್ರೆ ಫೋನ್ ಮಾಡು.”

“ಜಾಸ್ತಿ ಅಂದ್ರೆ?”

“ನಿಂಗ್ ಗೊತ್ತಾಗಲ್ವಾ? ನಲವತ್ತು ವರ್ಸ ಇನ್ನೇನ್ ಮಾಡ್ದೆ?” ಎಂದು ನಕ್ಕು ಬಸ್ಸಿಗೆ ಓಡಿದೆ.

ದಾರಿಯಲ್ಲಿ ಒಮ್ಮೆ ಫೋನ್ ಮಾಡಿದಾಗ, “ಎಲ್ಲ ಹದವಾಗೇ ಅದೆ, ನೀನು ನಿಧಾನಕ್ಕೆ ಬಾರವ್ವ” ಎಂದಿದ್ದ. ನಾನು ನಿಶ್ಚಿಂತೆಯಿಂದ ಎರಡು ಬೋಂಡ ತಿಂದು, ಟೀ ಕುಡಿದು, ಬೇಕೆಂದೇ ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹತ್ತಿದ್ದೆ.

ಈಗ ಗೋಣಿತಾಟು ಕೈಯಲ್ಲಿ ಹಿಡಿದುಕೊಂಡು ಕೇಳಿದೆ, “ಇದನ್ನ್ಯಾಕೆ ಹೊದಿಸ್ದೆ ಅಪ್ಪ?”

“ಮತ್ತೆ? ನೀನು ಹೋದಾಗ ಎಪ್ಪತ್ತೆರಡು ಇತ್ತು. ಎಪ್ಪತ್ತೆರಡು ಅಂದ್ರೆ ಬೆಳಗಿನ ಚಳಿ ಕಣವ್ವ. ಮೇಲ್ಗಡೆಯಿಂದ ಬಿಸಿಗಾಳಿ ಬ್ಯಾರೆ ಸುಮ್ನೆ ಪೋಲಾಯ್ತಿತ್ತು. ಕಿಟಕಿ ಹಾಕ್ದೆ, ಇದನ್ನ ಮುಚ್ದೆ. ಆಮ್ಯಾಕೆ ನೋಡು, ಸರಸರ ಏರ್ತು. ತೊಂಬತ್ತೈದು ಎಲೆ ಹಳದಿ ತಿರುಗೋ ಕಾವು. ಆ ಹೊತ್ನಲ್ಲಿ ಯಾರಾದ್ರೂ ಕಿಂಡಿ ತೆಗೀತಾರಾ? ನೂರ ಅರವತ್ತರ ಹತ್ರ ಬಂದಿದ್ರೆ ನಾನೇ ಫೋನ್ ಮಾಡ್ತಿದ್ದೆ.”

ನಾನು ದಂಗಾಗಿ ನಿಂತೆ. ಬ್ಯಾರನ್ನಿನ ಥರ್ಮಾಮೀಟರು ಫ್ಯಾರನ್‌ಹೀಟಿನದು. ಅದರಲ್ಲಿ ತೊಂಬತ್ತೈದು ಎಂದರೆ ಬೇಸಿಗೆಯ ಒಂದು ಮಧ್ಯಾಹ್ನ, ಅಷ್ಟೆ. ದಂಟು ಒಣಗಿಸುವ ಕೊನೆಯ ಕಾವು ನೂರ ಅರವತ್ತು. ನನ್ನ ಪರದೆಯ ಅಂಕಿ ಸೆಲ್ಸಿಯಸ್. ಅದರಲ್ಲಿ ನೂರಕ್ಕೆ ನೀರು ಕುದಿಯುತ್ತದೆ. ಇದು ನನಗೆ ಗೊತ್ತಿರಲಿಲ್ಲವೇ? ಚಿಕ್ಕಂದಿನಿಂದ ಆ ಗಾಜಿನ ಕಿಂಡಿಯಲ್ಲಿ ಇಣುಕಿ ಬೆಳೆದವಳು ನಾನು. ಶಾಲೆಯಲ್ಲಿ ಒಂದನ್ನು ಇನ್ನೊಂದಕ್ಕೆ ಬದಲಿಸುವ ಲೆಕ್ಕ ಮಾಡಿ ಮೇಷ್ಟ್ರಿಂದ ಶಹಭಾಸ್ ಅನ್ನಿಸಿಕೊಂಡವಳು. ಎಲ್ಲ ಗೊತ್ತಿತ್ತು, ಹೊತ್ತಿಗೆ ಹೊಳೆಯಲಿಲ್ಲ. ಉರಿಯುವ ಯಂತ್ರಕ್ಕೆ ಗೋಣಿ ಹೊದಿಸಿ, ಕಿಟಕಿ ಜಡಿದು, ಎರಡೂವರೆ ಗಂಟೆ ಕಣ್ಣು ಮಿಟುಕಿಸದೆ ಕಾದಿದ್ದಾನೆ ನನ್ನಪ್ಪ. ಅವನಷ್ಟು ಶ್ರದ್ಧೆಯಿಲ್ಲದವರನ್ನು ಕೂರಿಸಿದ್ದರೆ ಕಾರ್ಡು ಉಳಿಯುತ್ತಿತ್ತು.

ಕೂಗಾಡಬೇಕೆಂದೇ ಬಾಯಿ ತೆರೆದೆ. ಆದರೆ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ, ಒಂದು ಒಳ್ಳೆಯ ಮಾತಿಗೆ ಕಾಯುತ್ತಾ. ಬಾಯಿಂದ ಹೊರಟದ್ದು ಸುಳ್ಳು.

“ಹಳೇ ಕಾರ್ಡು ಬುಡಪ್ಪ. ಅದ್ರ ಆಯಸ್ಸು ಮುಗ್ದಿತ್ತು.”

ಅವನು ಹೊರಗೆ ಹೋದ ಮೇಲೆ ಬಿಚ್ಚಿ ನೋಡಿದೆ. ಫ್ಯಾನಿನ ರೆಕ್ಕೆಗಳು ಸೊಟ್ಟಗಾಗಿದ್ದವು. ಕಾರ್ಡಿನ ಒಂದು ಮೂಲೆ ಕಪ್ಪಿಟ್ಟಿತ್ತು. ಆಸೆ ಬಿಡದೆ ಮತ್ತೆ ಸಿಕ್ಕಿಸಿ ಸ್ವಿಚ್ ಒತ್ತಿದೆ, ಏನೂ ಆಗಲಿಲ್ಲ.

ನಾಲ್ಕು ದಿನ ಬಿಟ್ಟು ಹೊಸ ಕಾರ್ಡ್ ಆರಿಸಲು ಹುಣಸೂರಿನ ಅಂಗಡಿಗೆ ಹೊರಟಾಗ ಅಪ್ಪನೂ ಇಸ್ತ್ರಿ ಶರ್ಟು ಹಾಕಿಕೊಂಡು ನಿಂತ. “ಕಾವಿನ ಸಾಮಾನು ತರೋವಾಗ ನಾನಿಲ್ದೆ ಆಯ್ತದಾ?” ಬೇಡ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು. ಸುಮ್ಮನೆ ಕರೆದುಕೊಂಡು ಹೋದೆ.

ಅಂಗಡಿಯವರು ಎಚ್.ಡಿ. ಕೋಟೆ ಕಡೆಯವರು. ಮೂರು ಕಾರ್ಡುಗಳನ್ನು ಮೇಜಿನ ಮೇಲಿಟ್ಟರು. ನಾನು ಹೌಹಾರಿದೆ. ನನ್ನ ಹಳೆಯದು ಅಂಗೈಗಿಂತ ತುಸು ಉದ್ದವಿತ್ತು. ಇವುಗಳಲ್ಲಿ ಒಂದಂತೂ ಮಂಗಳೂರು ಹೆಂಚಿನಷ್ಟಿತ್ತು. ನಾನು ಕೊನೆಯ ಸಲ ಕಾರ್ಡು ಕೊಂಡ ಮೇಲೆ ಲೋಕ ಎಷ್ಟು ಮುಂದೆ ಹೋಗಿದೆ ಎಂದು ಅದನ್ನು ಎರಡೂ ಕೈಯಲ್ಲಿ ಎತ್ತಿದಾಗಲೇ ಗೊತ್ತಾದದ್ದು. ನನ್ನ ಕಣ್ಣು ಮಾತ್ರ ಚಿಕ್ಕದರ ಮೇಲಿತ್ತು. ಅದಕ್ಕೆ ಕಂಪನಿಯಲ್ಲೇ ವೇಗ ಹೆಚ್ಚಿಸಿ ಕಳಿಸಿದ್ದಾರೆಂದು ಅಂಗಡಿಯವರು ಹೇಳಿದರು, ನನ್ನಂಥ ಅವಸರದವರಿಗೆಂದೇ ಮಾಡಿದ ಹಾಗಿತ್ತು. ಇನ್ನೊಂದು ಬಿಸಿಗಾಳಿಯನ್ನು ಹಿಂದಿನಿಂದ ಹೊರಗೇ ದೂಡುತ್ತಿತ್ತು, ಆದರೆ ಮಿಕ್ಸಿಯ ಹಾಗೆ ಅರಚುತ್ತದಂತೆ. ಹೆಂಚಿನಷ್ಟು ದೊಡ್ಡದಕ್ಕೆ ಮೂರು ಫ್ಯಾನು, ಒತ್ತಾಗಿ ಜೋಡಿಸಿದ ತಗಡಿನ ಪದರಗಳು, ಅವುಗಳ ನಡುವೆ ಹಾದುಹೋದ ತಾಮ್ರದ ಕೊಳವೆಗಳು.

ಅಪ್ಪ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದ. ಪದರಗಳ ನಡುವೆ ಉಫ್ ಎಂದು ಊದಿ, ಆಚೆ ಕಡೆ ಅಂಗೈ ಇಟ್ಟು ಉಸಿರು ಬರುತ್ತದೆಯೇ ನೋಡಿದ. ನನ್ನ ಮೆಚ್ಚಿನ ಚಿಕ್ಕದನ್ನು ಪಕ್ಕಕ್ಕೆ ಸರಿಸಿದ.

“ಇದ್ರ ಒಲೆ ಉರಿ ಜೋರು, ಬಿಸಿ ಸಾಗಿಸೋ ಕೊಳವೆ ಎಲ್ಡೇ. ಎಷ್ಟು ದಿನ ತಡೀತದೆ? ಇದನ್ನ ತಕೊ,” ಎಂದು ಮೂರು ಫ್ಯಾನಿನದನ್ನು ಮುಂದಿಟ್ಟ.

ಅಂಗಡಿಯವರು ನನ್ನ ಮುಖ ನೋಡಿದರು. “ಯಜಮಾನ್ರು ಸರಿಯಾಗೇ ಹೇಳಿದ್ರು ಕಣಮ್ಮ. ಓವರ್‌ಕ್ಲಾಕ್ ಮಾಡೋರಿಗೆ ಇದೇ ಸರಿ.” ಇಪ್ಪತ್ತು ವಿಡಿಯೋ ನೋಡಿ, ಹಾಳೆಯಲ್ಲಿ ಗೀಚಿಕೊಂಡು ಬಂದಿದ್ದ ನಾನು ಬೆಪ್ಪಾದೆ. ಹೆಮ್ಮೆಯೂ ಆಯಿತು, ಹೇಳಿದ ಸುಳ್ಳೂ ನೆನಪಾಯಿತು.

“ಇದನ್ನ ಎಷ್ಟು ಕಾವಲ್ಲಿ ಇಡ್ಬೇಕು?” ಅಪ್ಪ ಕೇಳಿದ.

“ಎಂಬತ್ತರೊಳಗಿದ್ರೆ ಒಳ್ಳೇದು.”

“ಎಂಬತ್ತಾ? ಅದು ತಣ್ಣಗಲ್ವಾ?”

“ಅಣ್ಣ, ಬಿಲ್ ಮಾಡಿ, ಬಸ್ಸಿಗೆ ಹೊತ್ತಾಯ್ತು,” ಎಂದು ನಾನು ನಡುವೆ ಬಾಯಿ ಹಾಕಿದೆ.

ಅಂಗಡಿಯವರಿಗೆ ನನ್ನ ಅವಸರ ಅರ್ಥವಾಗಲಿಲ್ಲ. “ನೀವು ಹೇಳ್ತಿರೋದು ಬ್ಯಾರನ್ ಲೆಕ್ಕ ಯಜಮಾನ್ರೇ. ನಮ್ಮನೇಲೂ ಐತೆ ಬ್ಯಾರನ್ನು. ಇದು ಬೇರೆ ಲೆಕ್ಕ. ಇದ್ರ ಎಂಬತ್ತು ಅಂದ್ರೆ ನಮ್ಮ ಬ್ಯಾರನ್ನಲ್ಲಿ ನೂರ ಎಪ್ಪತ್ತಾರು.”

ಅಪ್ಪನ ಕೈ ಕಾರ್ಡಿನ ಮೇಲೇ ನಿಂತಿತು. “ತೊಂಬತ್ತೇಳು ಅಂದ್ರೆ?”

ಅವರು ಫೋನಿನಲ್ಲಿ ಲೆಕ್ಕ ಹಾಕಿದರು. “ಇನ್ನೂರಾ ಆರು, ಏಳು. ಯಾಕೆ?”

ಅಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದ. ನಾನು ಮೇಜಿನ ಮೇಲಿನ ರಟ್ಟಿನ ಪೆಟ್ಟಿಗೆ ನೋಡುತ್ತಾ ನಿಂತೆ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಊರು ಹತ್ತಿರವಾದಾಗ ಕೇಳಿದ, “ನಿಂಗೆ ಅವತ್ತೇ ಗೊತ್ತಿತ್ತಾ?”

“ಊಂ.”

“ಇನ್ನೂರಾರು. ಅದ್ರ ಮ್ಯಾಲೆ ಗೋಣಿ ಹೊದಿಸಿದ್ದೀನಿ ನಾನು.” ಕಿಟಕಿಯ ಕಡೆ ತಿರುಗಿ, “ಹೇಳ್ಬೇಕಿತ್ತು ಕಣವ್ವ ನೀನು,” ಎಂದ.

ಮರುದಿನ ಬೆಳಿಗ್ಗೆ ಪಕ್ಕದ ಹೊಲದವರು ಜಗಲಿಗೆ ಬಂದರು. “ಎಲೆ ಹಳದಿ ತಿರುಗ್ಯದೆ ಅಣ್ಣ. ಕಾವು ಏರಿಸ್ಬೋದಾ, ಒಸಿ ಬಂದು ನೋಡ್ರಿ.”

ಅಪ್ಪ ಕೂತಲ್ಲಿಂದ ಏಳಲಿಲ್ಲ. “ಬ್ಯಾರೆ ಯಾರನ್ನಾದ್ರೂ ಕೇಳು. ನಂಗೀಗ ಕಾವು ಗೊತ್ತಾಗಕಿಲ್ಲ.”

ಒಳಗಿದ್ದ ನಾನು ಸ್ಕ್ರೂಡ್ರೈವರ್ ಹಿಡಿದಂತೆಯೇ ಅಲ್ಲಾಡದೆ ನಿಂತೆ. ಅವ್ವ ಅಡಿಗೆಮನೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಬಂದವರು ತಮಾಷೆಯೆಂದುಕೊಂಡು ನಕ್ಕರು, ಆಮೇಲೆ ನಗು ನಿಲ್ಲಿಸಿ ಹೋದರು. ನಲವತ್ತು ವರ್ಷದಲ್ಲಿ ಅಪ್ಪನ ಬಾಯಲ್ಲಿ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ. ಕಾರ್ಡು ಸತ್ತದ್ದು ಇದರ ಮುಂದೆ ಏನೂ ಅಲ್ಲ. ಕಾರ್ಡಿಗೇನೋ ಬದಲಿ ಸಿಕ್ಕಿತ್ತು. ಅಪ್ಪ ಹೀಗೇ ಕೂತುಬಿಟ್ಟರೆ?

ಅವನನ್ನು ಒಲಿಸಲು ಏನಾದರೂ ನಾಟಕ ಹೂಡೋಣವೆಂದು ಯೋಚಿಸುತ್ತಲೇ ಹೊಸ ಕಾರ್ಡು ಸಿಕ್ಕಿಸಿದೆ. ಡಬ್ಬವನ್ನು ಗೂಡಿನೊಳಗೆ ತಳ್ಳಿ, ಚಪಲ ತಡೆಯದೆ ಸ್ವಲ್ಪ ವೇಗವನ್ನೂ ಏರಿಸಿ, ನಿಂತುಹೋಗಿದ್ದ ಮದುವೆಯ ಕೆಲಸ ಹಚ್ಚಿದೆ. ನಾಟಕ ಬೇಕಾಗಲಿಲ್ಲ. ಅರ್ಧ ಗಂಟೆಯಲ್ಲಿ ಅಂಕಿ ಎಂಬತ್ತಾರಕ್ಕೆ ಹೋಗಿ ಕೂತಿತು. ಕಿಟಕಿಗಳು ತೆರೆದೇ ಇದ್ದವು, ಮೂರು ಫ್ಯಾನೂ ಭರ್ರೆನ್ನುತ್ತಿದ್ದವು. ಎಲ್ಲಿ ತಪ್ಪಿದೆಯೆಂದು ನಿಜವಾಗಿಯೂ ತಿಳಿಯಲಿಲ್ಲ. ಅಂಕಿ ತೋರಿಸುವ ಸಾಫ್ಟ್‌ವೇರ್ ತೆರೆದು ಸೆಲ್ಸಿಯಸ್ ತೆಗೆದು ಫ್ಯಾರನ್‌ಹೀಟ್ ಒತ್ತಿದೆ.

“ಅಪ್ಪ! ನೂರ ಎಂಬತ್ತೇಳು! ಇಳಿಸೋಕೆ ಆಯ್ತಾ ಇಲ್ಲ!”

ಅಪ್ಪ ಜಗಲಿಯಿಂದಲೇ ಕೇಳಿದ, “ಯಾವ ಲೆಕ್ಕ?”

“ಬ್ಯಾರನ್ ಲೆಕ್ಕ.”

“ಸುಳ್ಳು ಹೇಳ್ತಿಲ್ಲ ತಾನೆ?”

“ಇಲ್ಲಪ್ಪ. ನೀನೇ ಬಂದು ನೋಡು.”

ಬಂದ. ಹೊಸಲಿನಲ್ಲಿ ಒಂದು ಕ್ಷಣ ನಿಂತು, ಆಮೇಲೆ ಒಳಗೆ ಬಂದು ಡಬ್ಬದ ಮೇಲೆ, ಹಿಂದೆ, ತಳದಲ್ಲಿ ಅಂಗೈ ಆಡಿಸಿದ. “ಗೂಡಲ್ಲಿ ತುರುಕಿದ್ದೀಯಲ್ಲ. ಬಿಟ್ಟ ಬಿಸಿಗಾಳೀನೇ ತಿರುಗಿ ಎಳ್ಕೊತಾ ಅದೆ. ಕೆಳಗಿಂದ ತಣ್ಣನೆ ಗಾಳಿ ಬರೋಕೆ ದಾರಿ ಎಲ್ಲಿ?” ಎನ್ನುತ್ತಾ ಹೊರಗೆ ಹೋಗಿ, ಬೀಗ ಹಾಕಿದ್ದ ನಮ್ಮ ಬ್ಯಾರನ್ನಿನಿಂದ ನಾಲ್ಕು ಇಟ್ಟಿಗೆ ತಂದ. ಇಬ್ಬರೂ ಸೇರಿ ಡಬ್ಬವನ್ನು ಗೂಡಿನಿಂದ ಈಚೆಗೆ ಎಳೆದು, ಕಿಟಕಿಯ ಪಕ್ಕ ಇಟ್ಟಿಗೆಗಳ ಮೇಲೆ ಕೂರಿಸಿದೆವು. ಅಪ್ಪ ಕುರ್ಚಿ ಎಳೆದುಕೊಳ್ಳಲಿಲ್ಲ, ನಿಂತೇ ನೋಡಿದ. ನೂರ ಎಂಬತ್ತು. ನೂರ ಎಪ್ಪತ್ತೊಂದು. ನೂರ ಅರವತ್ತಮೂರು. ಅಂಕಿ ನೂರ ಐವತ್ತೆಂಟಕ್ಕೆ ಬಂದು ನಿಂತಿತು.

“ದಂಟು ಒಣಗೋ ಕಾವು,” ಎಂದ ತನ್ನಷ್ಟಕ್ಕೆ.

ಆಮೇಲೆ ಟವಲನ್ನು ಮೂಗಿಗೆ ಕಟ್ಟಿಕೊಂಡು, ಮೊಳೆಗೆ ತೂಗುಹಾಕಿದ್ದ ಟಾರ್ಚ್ ತೆಗೆದುಕೊಂಡ. ಎಲ್ಲಿಗೆಂದು ಅವ್ವ ಕೇಳಿದಳು. “ಪಕ್ಕದೋನ ಬ್ಯಾರನ್ನಲ್ಲಿ ಎಲೆ ಏನಾಗ್ಯದೋ ನೋಡ್ಬುಟ್ಟು ಬತ್ತೀನಿ. ಒಲೆ ತಾವ ಕೂರಕಿಲ್ಲ ಬುಡು.”

ಬಾಗಿಲು ದಾಟಿದವನು ತಿರುಗಿ ನಿಂತು ನನ್ನನ್ನು ಕರೆದ.

“ನೀನು ಇಲ್ಲೇ ಕೂತು ನೋಡ್ಕೊ. ನೂರ ಎಪ್ಪತ್ತೈದು ದಾಟಿದ್ರೆ ನಂಗೆ ಫೋನ್ ಮಾಡು. ನೂರ ಎಪ್ಪತ್ತೈದು. ಗೊತ್ತಾಯ್ತಾ?”

ಎಷ್ಟು ಎಂದು ಬಾಯಿಬಿಟ್ಟು ಹೇಳಿ ಹೋದ. ‘ಜಾಸ್ತಿ ಅಂದ್ರೆ?’ ಎಂದು ಅವತ್ತು ಅವನು ನನ್ನನ್ನು ಕೇಳಿದ್ದು ಇಷ್ಟನ್ನೇ.