ಕೌದಿ ವಿಮಾನ ಹತ್ತಿತು

ಗೆಳತಿಯರೇ, ಇವತ್ತು ಗೆದ್ದೆ! ಗಂಡನಿಗೆ ಕೆಲಸವಿರುವ ಈ ಕಡಲತೀರದ ಒಂಟಿ ಊರಿನಿಂದ ಬಳ್ಳಾರಿಯ ತವರಿಗೆ ಹೊರಟಿದ್ದೆ. ಇಲ್ಲಿನ ಖಾಸಗಿ ವಿಮಾನ ನಿಲ್ದಾಣ ನಮ್ಮ ಕುರುಗೋಡಿನ ಬಸ್ ಸ್ಟ್ಯಾಂಡಿಗಿಂತ ಚಿಕ್ಕದು. ಎಂಟೇ ಸೀಟಿನ ವಿಮಾನ, ಹಾಗಾಗಿ ಚೀಲದ ತೂಕಕ್ಕೆ ನಮ್ಮ ತೂಕವನ್ನೂ ಕೂಡಿಸುತ್ತಾರೆ. ಕೌಂಟರಿನವನು ನಮ್ಮ ಕಡೆಯ ಸಿರುಗುಪ್ಪದವನೇ. ಆದರೂ ಬಿಡಲಿಲ್ಲ.

"ಅಕ್ಕಾರ, ಮೂರು ಕಿಲೋ ಜಾಸ್ತಿ ಐತಿ. ಆ ಕೌದಿ ಬಿಟ್ಟು ಹೋಗ್ರಿ."

ಅಮ್ಮ ತನ್ನ ಹಳೆಯ ಸೀರೆಗಳಿಂದ ಹೊಲಿದ ಕೌದಿ ಅದು. ಅದರ ಮೇಲಲ್ಲದೆ ನನ್ನ ಆರು ತಿಂಗಳ ಮಗಳು ಕಣ್ಣು ಮುಚ್ಚುವುದಿಲ್ಲ. ಅವಳು ಮುಚ್ಚದೆ ನಾನು ಮುಚ್ಚುವಂತಿಲ್ಲ.

"ತಮ್ಮಾ, ಕೌದಿ ಬರಲಿಲ್ಲಂದ್ರ ನಾನೂ ಹತ್ತಂಗಿಲ್ಲ ನೋಡು," ಎಂದೆ.

ಅವನು ಪ್ರಯಾಣಿಕರ ತೂಕದ ಪಟ್ಟಿ ತೋರಿಸಿದ. ನನ್ನ ತೂಕ ಎಪ್ಪತ್ತೆರಡು ಕಿಲೋ ಎಂದಿತ್ತು! ಟಿಕೆಟ್ ಮಾಡಿಸಿ, ಕಳಿಸಿಕೊಡಲು ಬಂದಿದ್ದ ಗಂಡನ ಕಡೆ ತಿರುಗಿದೆ.

"ನಿನ್ನ ತಾಯಿ ಕಾರ್ಡಿನ್ಯಾಗ ಇದ್ದದ್ದ ಬರದೀನಲ್ಲ," ಎಂದರು.

ಹೆರಿಗೆಗೆ ಮುಂಚೆ ಆಸ್ಪತ್ರೆಯವರು ಬರೆದ ಕಾರ್ಡು ಅದು; ಅದರಲ್ಲಿದ್ದದ್ದು ಒಂಬತ್ತು ತಿಂಗಳ ಬಸುರಿಯ ತೂಕ! ಮಗಳನ್ನು ಎತ್ತಿಕೊಂಡೇ ತೂಕದ ಯಂತ್ರ ಹತ್ತಿದೆ. ಇಬ್ಬರೂ ಸೇರಿ ಅರವತ್ತೆರಡು.

"ಇನ್ನೊಂದು ಕೌದಿ ಇದ್ರೂ ತರ್ರಿ ಅಕ್ಕಾರ," ಎಂದು ಅವನು ನಕ್ಕ.

"ಎಷ್ಟು ಸೊರಗೀಯಲೇ" ಎಂದು ಫೋನಿನಲ್ಲಿ ಮರುಗುವವರೆಲ್ಲ ಕೇಳಿಸಿಕೊಳ್ಳಿ: ಆರು ತಿಂಗಳ ನಿದ್ದೆಗೇಡು ಕೊನೆಗೂ ಒಂದು ಕೆಲಸಕ್ಕೆ ಬಂತು.