ಮುಚ್ಚಿಹೋದ ಪ್ರದರ್ಶನದಲ್ಲಿ ನೇಯ್ದ ಸೀರೆ

ಕೊಳ್ಳೇಗಾಲದಲ್ಲಿ ನನ್ನಷ್ಟು ಚೆನ್ನಾಗಿ ರೇಷ್ಮೆ ಸೀರೆ ನೇಯುವವರು ಇನ್ನೊಬ್ಬರಿಲ್ಲ. ಸುಳ್ಳು ಹೇಳುವುದರಲ್ಲೂ ಅಷ್ಟೇ. ಬೆಂಗಳೂರಿನಲ್ಲಿ ದೇಶದ ಕೈಗಾರಿಕೆಗಳದ್ದೆಲ್ಲ ಒಂದು ದೊಡ್ಡ ಪ್ರದರ್ಶನ ಏರ್ಪಾಡಾದಾಗ, ಮಗ್ಗದ ಕೆಲಸ ತೋರಿಸಲು ನನ್ನನ್ನೇ ಕರೆದರು.

ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿಕೊಡಲು ಹೆಂಡತಿಯೂ ಬಂದಳು. ಪಕ್ಕದ ಮಾಂಬಳ್ಳಿಯ ಗಟ್ಟಿಗಿತ್ತಿ, ಸುಮ್ಮನೆ ಬರುತ್ತಾಳೆಯೇ? ಅಲ್ಲಿ ನೇಯುವ ಸೀರೆ ತನಗೇ ಎಂದು ಮೊದಲೇ ಮಾತು ತೆಗೆದುಕೊಂಡಿದ್ದಳು. ಅವಳಿಗೆಂದು ಶುರುಮಾಡಿದ ಸೀರೆಯನ್ನು ಯಾರಾದರೂ ಹೊಗಳಿದರೆ ಸಾಕು, ಅವರಿಗೇ ಕೊಟ್ಟುಬಿಡುವುದು ನನ್ನ ಚಾಳಿ.

ಎಂಟು ದಿನದ ಪ್ರದರ್ಶನ ನಾಲ್ಕನೇ ದಿನಕ್ಕೇ ಮುಗಿಯಿತು. ಮಾರುಕಟ್ಟೆ ಬಿದ್ದುಹೋಗಿ ಕಂಪನಿಗಳು ಒಂದೊಂದಾಗಿ ಕೈಯೆತ್ತಿದವು. ಬೆಳಿಗ್ಗೆ ಪಕ್ಕದ ಟ್ರ್ಯಾಕ್ಟರಿನವರು ಗಂಟುಮೂಟೆ ಕಟ್ಟಿದರು, ಮಧ್ಯಾಹ್ನ ಎದುರಿನ ಬಾಯ್ಲರಿನವರು. ನಾನೊಬ್ಬ ಲಾಳಿ ಹೊಡೆಯುತ್ತ ಕೂತಿದ್ದೆ. ಸೀರೆಗೆ ಇನ್ನೂ ಸೆರಗು ಬಂದಿರಲಿಲ್ಲ.

ಪ್ರದರ್ಶನದ ಮ್ಯಾನೇಜರು ಬಂದು ಸಂಜೆಯೊಳಗೆ ಜಾಗ ಖಾಲಿ ಮಾಡಿ ಎಂದರು. ಮಗ್ಗ ಅವರದ್ದು, ಅದಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳನ್ನು ಕತ್ತರಿಸಿ ಅರ್ಧ ಸೀರೆಯನ್ನೇ ಇಳಿಸದೆ ಗತಿಯಿಲ್ಲ. ನಾನು ಮುಖ ಗಂಭೀರ ಮಾಡಿಕೊಂಡು, ಕೂತಲ್ಲೇ ಒಂದು ಶಾಸ್ತ್ರ ಹುಟ್ಟಿಸಿದೆ.

"ಸೆರಗು ನೇಯದೆ ಹಾಸು ಕತ್ರುಸುದ್ರೆ, ಕತ್ರುಸ್ದೋರ ಯಾಪಾರ ಮುಳ್ಗೋಯ್ತದೆ ಕಣ್ರಿ ಸಾ."

ಅವರು ಖಾಲಿ ಶೆಡ್ಡನ್ನೊಮ್ಮೆ ನೋಡಿದರು. "ಮುಳುಗೋಕೆ ಇನ್ನೇನು ಉಳಿದಿದೆ ಅಜ್ಜ?" ಎಂದು ಕತ್ತರಿ ತರಿಸಿದರು.

ನನ್ನ ಸುಳ್ಳು ಸೋತದ್ದು ಅದೇ ಮೊದಲು. ಹೆಂಡತಿ ಕಂಡಿಕೆ ಕೆಳಗಿಟ್ಟು ಎದ್ದಳು.

"ಈವಯ್ಯ ಬುಡೋದೆಲ್ಲ ಬರೀ ಬುರುಡೆ ಸಾ. ಆದ್ರ ಈ ಸೀರೆ ನಂದು. ಮದ್ವೆಯಾದಾಗ್ನಿಂದ ಕಾಯ್ತಾ ಇವ್ನಿ. ಇನ್ನೆಲ್ಡು ದಿನ ಕೊಡಿ."

ಅವರು ಕತ್ತರಿಯನ್ನು ಜೇಬಿಗೆ ಹಾಕಿಕೊಂಡರು.

ಎರಡು ದಿನವೂ ಸುತ್ತ ತಗಡು ಬಿಚ್ಚುವ ಸದ್ದು. ಬಿಚ್ಚುವ ಕೆಲಸದವರು ಟೀ ಹೊತ್ತಿಗೆ ಬಂದು ನನ್ನ ಮುಂದೆ ಕೂರುತ್ತಿದ್ದರು. ಬೇರೆ ಕೆಲಸವಿಲ್ಲದ ಮ್ಯಾನೇಜರೂ ಕುರ್ಚಿ ಎಳೆದುಕೊಂಡರು. ದೇಶದ ಅಷ್ಟು ದೊಡ್ಡ ಪ್ರದರ್ಶನದಲ್ಲಿ ಕಡೆತನಕ ನಡೆದ ಕೈಗಾರಿಕೆ ನನ್ನದೊಂದೇ ಎಂದು ಈಗಲೂ ಊರಲ್ಲಿ ಹೇಳಿಕೊಂಡು ತಿರುಗುತ್ತೇನೆ.

ಸೀರೆ ಮಗ್ಗದಿಂದ ಇಳಿಯಿತು. ಮ್ಯಾನೇಜರು ಬೆರಳಲ್ಲಿ ಸವರಿ, ಇಂಥ ಕೈಕೆಲಸ ನೋಡಿಯೇ ಇಲ್ಲ ಎಂದರು. ತಮ್ಮ ಮನೆಯವರಿಗೆ ಸಿಗುತ್ತದೆಯೇ ಎಂದೂ ಕೇಳಿದರು. ಹೊಗಳಿಕೆ ಕಿವಿಗೆ ಬಿದ್ದದ್ದೇ ತಡ, ಹೂಂ ಎನ್ನಲು ನನ್ನ ಬಾಯಿ ತೆರೆದೇಬಿಟ್ಟಿತ್ತು. ತಿರುಗಿದರೆ ಸೀರೆಯೇ ಇಲ್ಲ. ಉಟ್ಟ ಸೀರೆಯ ಮೇಲೆಯೇ ಅದನ್ನು ಸುತ್ತಿಕೊಂಡು, ಬ್ಯಾಗು ಹಿಡಿದು, ಹೆಂಡತಿ ಆಗಲೇ ಬಾಗಿಲಲ್ಲಿ ನಿಂತಿದ್ದಳು.

"ಬಾಯಿ ಮುಚ್ಕಂಡು ಬಿರ್ನೆ ಬನ್ನಿ. ಬಸ್ಸು ತಪ್ಪೋಯ್ತದೆ."