ಮುಂದಿನ ಸೈಕಲ್ಲಿನ ಹಿಂದಿನ ಗಾಲಿ

ನಮ್ಮ ಯಜಮಾನರು ಸಿಕ್ಕಿದರು. ಕೈಕಾಲು ನೆಟ್ಟಗಿವೆ, ಸೈಕಲ್ಲೂ ನೆಟ್ಟಗಿದೆ, ಈಗ ಒಳಗೆ ಗೊರಕೆ ಹೊಡೆಯುತ್ತಿದ್ದಾರೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಸಂತೋಷವನ್ನು ಬಚ್ಚಿಟ್ಟುಕೊಂಡು ಸುತ್ತಿಬಳಸಿ ಬರೆಯಲು ನನಗೆ ಬರುವುದಿಲ್ಲ.

ತಿಪಟೂರಿನಲ್ಲಿ ನಾವು ಹತ್ತು ಹನ್ನೆರಡು ಜನ ಮುದುಕ ಮುದುಕಿಯರು ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುತ್ತೇವೆ. ಕ್ಲಬ್ಬು ಎಂದು ಹೆಸರು, ಆದರೆ ಯಾರಿಗೂ ಅವಸರವಿಲ್ಲ. ತೋಟಗಳ ನಡುವೆ ಹರಟೆ ಹೊಡೆಯುತ್ತ ಹೋಗುವುದು, ಎಲ್ಲಾದರೂ ತಿಂಡಿ ತಿಂದು ವಾಪಸು ಬರುವುದು. ನನ್ನದು ಮೊಮ್ಮಗಳು ತುಳಿದು ಬಿಟ್ಟ ಲೇಡೀಸ್ ಸೈಕಲ್ಲು.

ನಮ್ಮವರಿಗೆ ಎರಡು ವರ್ಷದಿಂದ ನೆನಪು ಹೋಗುತ್ತಿದೆ. ಉಂಡದ್ದು ಮರೆಯುತ್ತಾರೆ, ಒಮ್ಮೊಮ್ಮೆ ಮಗನ ಹೆಸರನ್ನೂ ಮರೆಯುತ್ತಾರೆ. ಸೈಕಲ್ ಹತ್ತಿದರೆ ಮಾತ್ರ ಕಾಲು ಏನನ್ನೂ ಮರೆಯುವುದಿಲ್ಲ. ನಮ್ಮ ಜೊತೆ ಬರುವ ಸೈಕಲ್ ಶಾಪಿನ ಸಾಹೇಬರು ಅವರಿಗೆ ಒಂದೇ ಪಾಠ ಹೇಳಿಕೊಟ್ಟಿದ್ದರು: "ಅಣ್ಣಾ, ನೀವು ದಾರಿ ಗೀರಿ ಏನೂ ನೆನಪಿಟ್ಕೋಬೇಡಿ. ಮುಂದಿನ ಸೈಕಲ್ಲಿನ ಹಿಂದಿನ ಗಾಲಿ ನೋಡ್ಕಂಡು ಬನ್ನಿ. ಅದು ತಿರುಗಿದ್ರೆ ತಿರುಗಿ, ನಿಂತ್ರೆ ನಿಲ್ಲಿ." ವಾರವಾರವೂ ಅದನ್ನೇ ಹೇಳಿ ಹೇಳಿ ಪಾಠ ಗಟ್ಟಿಯಾಗಿತ್ತು. ಮುಂದೆ ಸಾಹೇಬರು, ನಡುವೆ ಇವರು, ಹಿಂದೆ ನಾನು.

ಈ ಭಾನುವಾರ ಹೊನ್ನವಳ್ಳಿಯ ಹೋಟೆಲಿನ ಮುಂದೆ ಇಳಿದೆವು. ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ. ಉಳಿದವರು ಚಟ್ನಿಯ ವಿಚಾರಕ್ಕೆ ಹೋಟೆಲಿನವನ ಮೇಲೆ ಬಿದ್ದಿದ್ದರು.

"ತೆಂಗಿನ ಸೀಮೇಲಿ ಕುಂತು ಬರೀ ಕಡ್ಲೆ ಚಟ್ನಿ ಹಾಕ್ತೀಯಲ್ಲಪ್ಪ, ನಾಚ್ಕೆ ಆಗಲ್ವಾ?"

"ಕಾಯಿ ರೇಟು ಕೇಳ್ರೀ ಮೊದ್ಲು, ಆಮೇಲೆ ನಾಚ್ಕೆ ವಿಚಾರ ಮಾತಾಡುವ!"

ಎಲ್ಲರೂ ನಗುತ್ತಿದ್ದರು. ನಾನು ಸೆರಗಿಗೆ ಕೈ ಒರೆಸಿಕೊಂಡು ಬಂದು ನೋಡಿದರೆ ಇವರೂ ಇಲ್ಲ, ಸೈಕಲ್ಲೂ ಇಲ್ಲ.

ಕೆಲವು ತಿಂಗಳಿಂದ ಇವರು "ಊರಿಗೆ ಹೋಗ್ಬೇಕು" ಎನ್ನುತ್ತಿದ್ದರು. ಇವರು ಹುಟ್ಟಿದ್ದು ತಿಪಟೂರು ದಾಟಿ ತೆಂಕಣಕ್ಕಿರುವ ದಬ್ಬೇಘಟ್ಟದ ಕಡೆ. ಅಲ್ಲಿಗೇ ಹೊರಟಿದ್ದಾರೆ ಎಂದು ನಮಗೆಲ್ಲ ಖಾತ್ರಿಯಾಗಿಬಿಟ್ಟಿತು. ಎಲ್ಲರೂ ಸೈಕಲ್ ತಿರುಗಿಸಿದೆವು. ತಿಪಟೂರಿಗೆ ಬರುವಷ್ಟರಲ್ಲಿ, ಫೋನಿನಲ್ಲಿ ಸುದ್ದಿ ತಿಳಿದ ಮಗ ಪೊಲೀಸ್ ಸ್ಟೇಷನ್ನಿಗೆ ಫೋಟೋ ಕೊಟ್ಟು ಬೈಕ್ ತಂದಿದ್ದ. ಹಿಂದೆ ಕೂತು ಹೊರಟೆ.

ಇವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿಸಿದ್ದೆ, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತಲೆ ತಿರುಗಿ ಎಲ್ಲಿ ಬಿದ್ದರೋ! ಹೆಸರು ಕೇಳಿದರೆ ಹೇಳುತ್ತಾರೋ ಇಲ್ಲವೋ! ಬಿಸಿಲು ಏರುತ್ತಿತ್ತು. ಸಿಕ್ಕಸಿಕ್ಕವರನ್ನು ಕೇಳಿದೆ. ಕಂಡ ತೋಟದ ಬೇಲಿಯನ್ನೆಲ್ಲ ಇಣುಕಿದೆ. ಯಾರೂ ನೋಡಿರಲಿಲ್ಲ. ಮನೆಯಿಂದ ಮೊಮ್ಮಗಳು ಗಳಿಗೆಗೊಮ್ಮೆ ಫೋನು ಮಾಡಿ, "ಅಜ್ಜೀ, ತಾತ ಸಿಕ್ಕುದ್ರಾ?" ಎನ್ನುತ್ತಿದ್ದಳು. "ಇಲ್ಲ ಕಣವ್ವ" ಎಂದು ಹೇಳಿ ಹೇಳಿ ಕೊನೆಗೆ ಫೋನು ಎತ್ತಲೂ ಹೆದರಿದೆ.

ದಬ್ಬೇಘಟ್ಟದ ಹತ್ತಿರ ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಏರಿಯ ಮೇಲೆ ಒಂದು ಟವೆಲ್ಲು, ಒಂದು ಜೊತೆ ಚಪ್ಪಲಿ. ಇವರದೂ ಅಂಥದೇ ಟವೆಲ್ಲು. ಮಗ ಷರಟು ಬಿಚ್ಚಿ ನೀರಿಗೆ ಇಳಿಯುವವನಿದ್ದ. ಅಷ್ಟರಲ್ಲಿ ಗದ್ದೆಯಿಂದ ಒಬ್ಬ ಎದ್ದು ಬಂದ.

"ಯಾಕಮ್ಮ? ಅದು ನನ್ ಟವೆಲ್ಲು ಕಣಮ್ಮ."

ಅವನು ಬದುಕಿದ್ದಾನಲ್ಲ ಎಂದು ಅವನ ಮೇಲೆ ಸಿಟ್ಟು ಬಂತು, ನೋಡಿ. ಅಂಥ ಗತಿ ನನ್ನದು. ಐವತ್ತು ವರ್ಷ ಜೊತೆಯಲ್ಲಿ ಬಾಳಿದವರನ್ನು ಒಂದು ಚೊಂಬು ನೀರಿಗೆ ಹೋದಷ್ಟು ಹೊತ್ತಿನಲ್ಲಿ ಕಳೆದುಕೊಂಡೆನಲ್ಲ ಎಂದು ಏರಿಯ ಮೇಲೆ ಕೂತುಬಿಟ್ಟೆ. ಮಗ ಕೈ ಹಿಡಿದು ಎಬ್ಬಿಸಿದರೂ ಏಳಲಿಲ್ಲ. ಎದ್ದು ಎಲ್ಲಿಗೆ ಹೋಗಲಿ?

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸಾಹೇಬರ ಫೋನು ಬಂತು. ಮಾತಿಗಿಂತ ಮೊದಲು ಅವರ ಅಳು ಕೇಳಿಸಿತು. ಮುಗಿಯಿತು ಎಂದುಕೊಂಡೆ.

"ಅಕ್ಕಾ, ಸಿಕ್ಕುದ್ರು ಅಕ್ಕಾ! ಚಿಕ್ಕನಾಯಕನಹಳ್ಳಿ ಕಡೆ ಒಂದು ಹಟ್ಟೀಲಿ ಅವ್ರೆ. ರೊಟ್ಟಿ ತಿಂದವ್ರಂತೆ!"

ನಾವೆಲ್ಲ ತೆಂಕಣಕ್ಕೆ ಓಡಿದ್ದೆವು, ಇವರು ಬಡಗಣದಲ್ಲಿದ್ದರು. ಸಾಹೇಬರು ಎಲ್ಲರ ಸೈಕಲ್ಲಿನ ಮಡ್‌ಗಾರ್ಡಿನ ಮೇಲೂ ಅಂಗಡಿಯ ನಂಬರು ಬರೆಸಿರುತ್ತಾರೆ. ಹಟ್ಟಿಯವರು ಆ ನಂಬರಿಗೆ ಬೆಳಿಗ್ಗೆಯಿಂದ ಹೊಡೆಯುತ್ತಲೇ ಇದ್ದರಂತೆ. ಅಂಗಡಿಗೆ ಬೀಗ, ಫೋನು ಒಳಗೆ, ಸಾಹೇಬರು ನಮ್ಮ ಜೊತೆ ಹುಡುಕಾಟದಲ್ಲಿ. ಹುಡುಕಲು ಬಂದವರೊಬ್ಬರ ಗಾಲಿ ಪಂಚರ್ ಆಗಿ ಬಾಗಿಲು ತೆಗೆದಾಗಲೇ ಅದು ಬಡಿದುಕೊಳ್ಳುವುದು ಕೇಳಿಸಿದ್ದು.

ಹಟ್ಟಿಗೆ ಹೋದೆವು. ಇವರು ಬೇವಿನ ಮರದ ಕೆಳಗೆ ಕಂಬಳಿಯ ಮೇಲೆ ಕೂತಿದ್ದರು. "ಎಲ್ಲಿಗ್ ಹೋಗಿದ್ದೆ ಇಷ್ಟೊತ್ತು?" ಎಂದು ನನ್ನನ್ನೇ ಗದರಿದರು. ನಾನು ಅಲ್ಲಿಯ ಜನರೆದುರಿಗೇ ಅವರ ಮುಖ, ಕೈ, ಮಂಡಿ ಎಲ್ಲ ಸವರಿ ಸವರಿ ನೋಡಿದೆ.

ಆ ಹಟ್ಟಿಯ ಕುರಿ ಸಾಕುವ ಯಜಮಾನ ಕತೆ ಹೇಳಿದ: "ಕುರಿಮರಿಗೆ ಅಂತ ಹೊನ್ನವಳ್ಳಿ ತಾವ ಯಾರ್ದೋ ಮರದಲ್ಲಿ ಸೊಪ್ಪು ಕುಯ್ದು ಸೈಕಲ್‌ಗೆ ಕಟ್ಕಂಡು ಬತ್ತಿದ್ದೆ ಕಣಕ್ಕ. ಹೋಟ್ಲು ದಾಟ್ತಿದ್ದಂಗೆ ಇವ್ರು ಹಿಂದೆ ಬಿದ್ರು. ಮರ ಇವ್ರದೇ ಇರ್ಬೇಕು, ಹಿಡಿಯಕ್ ಬಂದವ್ರೆ ಅಂತ ಜೋರಾಗಿ ತುಳ್ದೆ. ಇವ್ರೂ ಜೋರಾಗಿ ತುಳಿದ್ರು! ನಿಂತ್ರೆ ನಿಂತ್ಕಂತಾರೆ. ತಪ್ಪಾಯ್ತು ಯಜಮಾನ್ರೇ, ಸೊಪ್ಪು ತಗಳಿ ಅಂದ್ರೆ, ನೀನು ಮುಂದೆ ನಡಿಯಪ್ಪ ಅಂತಾರೆ! ಹಟ್ಟಿ ಬಾಗ್ಲಿಗೇ ಬಂದ್ಬುಟ್ರು."

ಸಾಹೇಬರು ತಲೆಯ ಮೇಲೆ ಕೈ ಹೊತ್ತು, "ನಾನೇ ಕಲಿಸಿದ್ದು" ಎಂದರು. ಅಳುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ.

ಸಂಜೆ ಮನೆಯಲ್ಲಿ ಹುರುಳಿ ಸಾರು, ಮುದ್ದೆ. ದಿನವೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುವ ಮನೆ ನಮ್ಮದು. ಇವತ್ತು ಮಗ, ಸೊಸೆ, ಮೊಮ್ಮಕ್ಕಳಿಬ್ಬರು, ಎಲ್ಲರೂ ಇವರನ್ನು ನಡುವೆ ಕೂರಿಸಿಕೊಂಡು ನೆಲದ ಮೇಲೆ ಕೂತರು. ಮೊಮ್ಮಗಳಂತೂ ಅವರ ತೊಡೆಗೆ ಅಂಟಿಕೊಂಡು ಎಡಗೈ ಬಿಡಲೇ ಇಲ್ಲ.

ಇವರು ಎಲ್ಲರ ಮುಖ ನೋಡಿ, "ಏನ್ರಲಾ, ಇವತ್ತು ಹಬ್ಬವಾ?" ಎಂದರು.

ಮೊಮ್ಮಗಳು "ಹೂಂ ತಾತ" ಎಂದಳು.

"ಹಂಗಾದ್ರೆ ತುಪ್ಪ ಯಾಕೆ ಹಾಕಿಲ್ಲ ನಿಮ್ಮಜ್ಜಿ?"

ಎದ್ದು ತುಪ್ಪ ತಂದು ಎಲ್ಲರ ತಟ್ಟೆಗೂ ಧಾರಾಳವಾಗಿ ಸುರಿದೆ. ಆಮೇಲೆ ನಾನೂ ಅವರ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಉಂಡೆ.